ದಿನಾ 25 ಪ್ಯಾಕೆಟ್ ನಿಪ್ಪಟ್ಟು ಖಾಲಿ, ಆದ್ರೂ ಕೈಲಿ ಕಾಸಿಲ್ಲ: ಎಲ್ಲಿ ಹೋಯ್ತು ದುಡ್ಡು?

ಮೆಸೇಜಲ್ಲಿ ತುಂಬಾ ಜನ ಕೇಳೋ ಪ್ರಶ್ನೆ ಒಂದೇ: "ಸಣ್ಣದಾಗಿ ಒಂದು ಬಿಸಿನೆಸ್ ಶುರು ಮಾಡ್ಬೇಕು, ಎಲ್ಲಿಂದ ಶುರು ಮಾಡ್ಲಿ?" ಇವತ್ತು ಅದಕ್ಕೆ ಉತ್ತರವಾಗಿ ನಮ್ಮ ಮನೆಯ ಕಥೆಯನ್ನೇ ಹೇಳ್ತೀನಿ. ಗೆದ್ದ ಕಥೆ ಅಲ್ಲ, ಮೊದಲೇ ಹೇಳಿಬಿಡ್ತೀನಿ.

2022ರಲ್ಲಿ ತುಮಕೂರಿನ ನಮ್ಮ ಮನೆಯಲ್ಲಿ ನಾನು, ಅಮ್ಮ ಸೇರ್ಕೊಂಡು ನಿಪ್ಪಟ್ಟು ಮಾಡಿ ಮಾರೋಕೆ ಶುರು ಮಾಡಿದ್ವಿ. ಅಮ್ಮನ ನಿಪ್ಪಟ್ಟು ಅಂದ್ರೆ ನೆಂಟರಿಷ್ಟರಲ್ಲೆಲ್ಲ ಹೆಸರು. ಬಂಡವಾಳ 40 ಸಾವಿರ. ಅಮ್ಮನ ಎರಡು ಬಳೆ ಗಿರವಿ ಇಟ್ಟು ತಂದಿದ್ದು. ಅದರಲ್ಲಿ ಸುಮಾರು 14 ಸಾವಿರ ದೊಡ್ಡ ಬಾಣಲೆ, ಒಲೆ, ಪ್ಯಾಕೆಟ್ ಸೀಲ್ ಮಾಡೋ ಮೆಷಿನ್‌ಗೆ ಹೋಯ್ತು. ಮಿಕ್ಕ 26 ಸಾವಿರದಲ್ಲಿ ವ್ಯಾಪಾರ.

ರೇಟ್ ಹೇಗೆ ಫಿಕ್ಸ್ ಮಾಡಿದ್ವಿ ಗೊತ್ತಾ? ಪಕ್ಕದ ಅಂಗಡಿಗೆ ಹೋಗಿ, ಅಲ್ಲಿ ನೇತಾಕಿದ್ದ ಪ್ಯಾಕೆಟ್ ತಿರುಗಿಸಿ ನೋಡಿದ್ವಿ. 200 ಗ್ರಾಂಗೆ 40 ರೂಪಾಯಿ ಎಂಆರ್‌ಪಿ ಇತ್ತು. ಸರಿ, ನಮ್ಮದೂ 40, ಅಂಗಡಿಯವರಿಗೆ 30ಕ್ಕೆ ಕೊಡೋಣ ಅಂತ ತೀರ್ಮಾನ. ಆ ಪ್ಯಾಕೆಟ್ ಮಾಡಿದವರು ಟನ್‌ಗಟ್ಟಲೆ ಅಕ್ಕಿಹಿಟ್ಟು ತರ್ತಾರೆ, ಮೆಷಿನ್ನಲ್ಲಿ ಒತ್ತುತ್ತಾರೆ, ಅವರ ಲೆಕ್ಕವೇ ಬೇರೆ ಅಂತ ಆಗ ಹೊಳೀಲೇ ಇಲ್ಲ.

ನಮ್ಮ ಲೆಕ್ಕ ಹೀಗಿತ್ತು. ಒಂದು ಸಲ ಕೂತ್ರೆ 5 ಕೆಜಿ ನಿಪ್ಪಟ್ಟು, ಅಂದ್ರೆ 25 ಪ್ಯಾಕೆಟ್. ಆಗಿನ ರೇಟಲ್ಲಿ ಅಕ್ಕಿಹಿಟ್ಟಿಗೆ 150 ರೂಪಾಯಿ, ಹುರಿಗಡಲೆ 60, ಕಡ್ಲೇಕಾಯಿ ಬೀಜ 70, ಎಣ್ಣೆ 225, ಖಾರದಪುಡಿ, ಎಳ್ಳು, ಕರಿಬೇವು, ಉಪ್ಪು ಎಲ್ಲಾ ಸೇರಿ 60. ಒಟ್ಟು 565. ಪ್ಯಾಕೆಟ್‌ಗೆ 22 ರೂಪಾಯಿ 60 ಪೈಸೆ. 30ಕ್ಕೆ ಕೊಟ್ರೆ 7 ರೂಪಾಯಿಗೂ ಹೆಚ್ಚು ಲಾಭ! ಖುಷಿಯೋ ಖುಷಿ.

ಗ್ಯಾಸ್ ಲೆಕ್ಕಕ್ಕೇ ಹಿಡಿದಿರಲಿಲ್ಲ. ಒಂದು ಸಲಕ್ಕೆ ಏನಿಲ್ಲ ಅಂದ್ರೂ 60 ರೂಪಾಯಿ. (ಮನೆಯ 14.2 ಕೆಜಿ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸೋ ಹಾಗಿಲ್ಲ, ಅದಕ್ಕೆ 19 ಕೆಜಿ ಕಮರ್ಷಿಯಲ್ ಸಿಲಿಂಡರ್ ತಗೋಬೇಕು. ಅದರ ರೇಟ್ ಜಾಸ್ತಿ.) ಕವರ್ ಮತ್ತು ಲೇಬಲ್‌ಗೆ ಪ್ಯಾಕೆಟ್‌ಗೆ 3 ರೂಪಾಯಿ, ಅಂದ್ರೆ 75. ಎಲ್ಲಾ ಸೇರಿಸಿದ್ರೆ 700. ಪ್ಯಾಕೆಟ್‌ಗೆ 28 ಆಯ್ತು, ಉಳಿದಿದ್ದು 2 ರೂಪಾಯಿ.

ಆ 2 ರೂಪಾಯಿನೂ ಉಳೀಲಿಲ್ಲ. 25 ಪ್ಯಾಕೆಟ್ ಕೊಟ್ರೆ ಹೆಚ್ಚುಕಮ್ಮಿ 2 ವಾಪಸ್ ಬರ್ತಿದ್ವು. ಒಂದು ಪುಡಿಯಾಗಿರುತ್ತೆ, ಇನ್ನೊಂದು ಮೆತ್ತಗಾಗಿರುತ್ತೆ. 23 ಪ್ಯಾಕೆಟ್ ಇಂಟು 30, 690 ರೂಪಾಯಿ. ಖರ್ಚು 700. ಅಂದ್ರೆ ಬಾಣಲೆ ಇಟ್ಟಾಗಲೆಲ್ಲ 10 ರೂಪಾಯಿ ಕಳ್ಕೊಳ್ತಿದ್ವಿ, ನನ್ನ ಗಾಡಿ ಪೆಟ್ರೋಲ್ ಬೇರೆ. ಒಂದು ವರ್ಷ ಹೀಗೇ ನಡೀತು.

ಇದೆಲ್ಲಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಒಂದು ದಿನ ಅಮ್ಮ ಕೈಗೆ ಎಣ್ಣೆ ಸಿಡಿದು ಬೊಬ್ಬೆ ಬಂದಿತ್ತು. "ನಾಳೆ ಒಂದಿನ ಯಾರನ್ನಾದ್ರೂ ಕೂಲಿಗೆ ಕರ್ಕೊಂಡು ಬಾರೋ" ಅಂದ್ರು. ಕೇಳ್ಕೊಂಡು ಬಂದೆ, ಗಂಟೆಗೆ 60 ರೂಪಾಯಿ ಅಂದ್ರು. ನಾವಿಬ್ರೂ ತಲಾ 4 ಗಂಟೆ ಕೂರ್ತಿದ್ವಿ. 8 ಗಂಟೆಗೆ 480 ರೂಪಾಯಿ. ಪ್ಯಾಕೆಟ್ ಮೇಲೆ ಹಾಕಿದ್ರೆ ಹೆಚ್ಚೂಕಡಿಮೆ 19. ಆಗ ಒಂದು ಪ್ಯಾಕೆಟ್‌ನ ನಿಜವಾದ ಬೆಲೆ 47! ನಾವು ಮಾರ್ತಿದ್ದಿದ್ದು 30ಕ್ಕೆ. ಅಮ್ಮನ ಕೆಲಸಕ್ಕೆ ನಾವು ಬೆಲೆ ಸೊನ್ನೆ ಅಂತ ಬರ್ಕೊಂಡಿದ್ವಿ. ಬರ್ಕೊಂಡಿರಲೂ ಇಲ್ಲ ಬಿಡಿ, ಯೋಚನೆನೇ ಮಾಡಿರಲಿಲ್ಲ. ಮನೆಯವರು ಸೇರಿ ನಡೆಸೋ ಎಷ್ಟೋ ಹೋಟ್ಲು, ಟೈಲರಿಂಗ್ ಅಂಗಡಿಗಳಲ್ಲಿ ಇದೇ ಆಗ್ತಿರುತ್ತೆ. ಹೆಂಡತಿ, ಅಮ್ಮ, ತಮ್ಮ ಬಿಟ್ಟಿ ದುಡೀತಾರೆ, ಅದನ್ನೇ ನಾವು ಲಾಭ ಅಂತ ಕರೀತೀವಿ.

ಈಗ ಉದ್ರಿ ವಿಷಯಕ್ಕೆ ಬರೋಣ. ಒಂಬತ್ತು ಅಂಗಡಿಗೆ ಹಾಕ್ತಿದ್ವಿ. ಎಷ್ಟೋ ಅಂಗಡೀಲಿ "ಇಂದು ನಗದು, ನಾಳೆ ಉದ್ರಿ" ಅನ್ನೋ ಬೋರ್ಡ್ ಇರುತ್ತೆ. ಆ ಬೋರ್ಡ್ ಕೆಳಗೇ ನಿಂತ್ಕೊಂಡು ಅಂಗಡಿಯವರು ನನಗೆ "ಸೋಮವಾರ ಬಾಪ್ಪ, ಕೊಡ್ತೀನಿ" ಅಂತಿದ್ರು! 2023ರ ದೀಪಾವಳಿ ಹತ್ತಿರ ಬಂದಾಗ ಅಂಗಡಿಗಳಿಂದ ಬರಬೇಕಾಗಿದ್ದು 21 ಸಾವಿರ. ಅದೇ ಟೈಮಲ್ಲಿ ಆರ್ಡರ್ ಡಬಲ್ ಆಯ್ತು. ಖುಷಿ ಪಡಬೇಕಿತ್ತು ಅಲ್ವಾ? ಆದ್ರೆ ಡಬಲ್ ಆರ್ಡರ್‌ಗೆ ಡಬಲ್ ಎಣ್ಣೆ, ಡಬಲ್ ಹಿಟ್ಟು ಇವತ್ತೇ ನಗದು ಕೊಟ್ಟು ತರಬೇಕು. ಮಾಲಿನ ದುಡ್ಡು ಬರೋದು ಮುಂದಿನ ತಿಂಗಳು. ಕೈಲಿದ್ದಿದ್ದು 5 ಸಾವಿರ. ಅತಿ ಹೆಚ್ಚು ಆರ್ಡರ್ ಬಂದ ತಿಂಗಳಲ್ಲೇ ನಾವು ಬಾಣಲೆ ಕೆಳಗಿಳಿಸಿದ್ವಿ.

ಆರ್ಡರ್ ಕಮ್ಮಿಯಾಗಿ ಮುಚ್ಚೋ ವ್ಯಾಪಾರ ಒಂದು ಥರ. ಆರ್ಡರ್ ಜಾಸ್ತಿಯಾಗಿ ಮುಚ್ಚೋದೂ ಇರುತ್ತೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಹೊಸ ಅಂಗಡಿಯವರು ಮಾಲು ಕೇಳಿದಾಗ, ದುಡ್ಡು ಯಾವಾಗ ಕೊಡ್ತೀರಿ ಅಂತ ಮೊದಲು ಕೇಳಿ. ಹಳೇ ಬಿಲ್ ಚುಕ್ತಾ ಆಗದೆ ಹೊಸ ಮಾಲು ಇಳಿಸಬೇಡಿ. ಮುಖ ನೋಡಿ ಹೇಳೋಕೆ ಸಂಕೋಚ ಆಗುತ್ತೆ, ನನಗೂ ಆಗ್ತಿತ್ತು. ಆಮೇಲೆ ಬಿಲ್ ಬುಕ್ಕಿನ ಕೆಳಗಡೆನೇ ಪ್ರಿಂಟ್ ಹಾಕಿಸಿದೆ, ಬಾಯಿಬಿಟ್ಟು ಹೇಳೋ ಕೆಲಸ ತಪ್ಪಿತು.

ಕಂಪನಿ ಕ್ಯಾಂಟೀನು, ದೊಡ್ಡ ಸ್ಟೋರ್‌ಗಳಿಗೆ ಹಾಕೋರಿಗೆ ಒಂದು ಕಾನೂನಿನ ಬಲ ಇದೆ. ಉದ್ಯಮ್ ಪೋರ್ಟಲ್‌ನಲ್ಲಿ ಆಧಾರ್ ಇಟ್ಕೊಂಡು ನೋಂದಣಿ ಮಾಡ್ಕೊಳ್ಳಿ, ಅದು ಪೂರ್ತಿ ಉಚಿತ. ದುಡ್ಡು ಕೇಳೋ ವೆಬ್‌ಸೈಟ್ ಸಿಕ್ಕಿದ್ರೆ ಅದು ಸರ್ಕಾರದ್ದಲ್ಲ. ನೋಂದಣಿ ಆದ ಸಣ್ಣ ಉತ್ಪಾದಕರಿಗೆ ಬರವಣಿಗೆಯ ಒಪ್ಪಂದ ಇದ್ರೆ ಹೆಚ್ಚೆಂದರೆ 45 ದಿನದೊಳಗೆ, ಇಲ್ಲದಿದ್ರೆ 15 ದಿನದೊಳಗೆ ಹಣ ಪಾವತಿಸಬೇಕು ಅಂತ ಎಂಎಸ್‌ಎಂಇಡಿ ಕಾಯ್ದೆ ಹೇಳುತ್ತೆ. ತಡ ಆದ್ರೆ ಬಡ್ಡಿ ಕೇಳೋ ಹಕ್ಕೂ ಇದೆ. ಬೀದಿಯ ಪ್ರಾವಿಜನ್ ಸ್ಟೋರ್ ಅಂಕಲ್ ಮೇಲೆ ಇದನ್ನ ಪ್ರಯೋಗ ಮಾಡೋಕೆ ಹೋಗಬೇಡಿ, ಅಲ್ಲಿ ಬಿಲ್ ಬುಕ್ಕೇ ಮೇಲು.

ತಿನ್ನೋ ಪದಾರ್ಥ ಮಾಡೋರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಕಡ್ಡಾಯ, ಮನೇಲಿ ಮಾಡಿದ್ರೂ ಅಷ್ಟೇ. ನಾವು ಮಾಡಿಸಿದಾಗ ಶುಲ್ಕ ವರ್ಷಕ್ಕೆ 100 ರೂಪಾಯಿ ಇತ್ತು. ಇದನ್ನ ಮುಂದಕ್ಕೆ ಹಾಕೋಕೆ ಕಾರಣನೇ ಇಲ್ಲ.

ಇನ್ನು ಫೋನ್‌ಪೇ, ಗೂಗಲ್ ಪೇ ವಿಷಯ. 2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ನೆನಪಿರಬಹುದು. ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್‌ಗಳು ಕ್ಯೂಆರ್ ಕೋಡ್ ತೆಗೆದು "ನಗದು ಮಾತ್ರ" ಅಂತ ಚೀಟಿ ಅಂಟಿಸಿದ್ವು. ಆಗ ತುಂಬಾ ಜನಕ್ಕೆ ಗೊತ್ತಾಗಿದ್ದು, ಜಿಎಸ್‌ಟಿ ನೋಂದಣಿಯ ಮಿತಿ ಲಾಭದ ಮೇಲಲ್ಲ, ವಹಿವಾಟಿನ ಮೇಲೆ ಅಂತ. ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡೋರಿಗೆ 20 ಲಕ್ಷ. 40 ಲಕ್ಷ ಅಂದ್ರೆ ದೊಡ್ಡ ಮೊತ್ತ ಅನ್ನಿಸುತ್ತೆ. ದಿನಕ್ಕೆ ಭಾಗ ಮಾಡಿ ನೋಡಿ, ಸುಮಾರು 11 ಸಾವಿರ. ಚೆನ್ನಾಗಿ ಓಡೋ ಒಂದು ಬೇಕರಿಗೆ ಅದು ಸಂಜೆಯೊಳಗಿನ ಮಾತು. ಇನ್ನೊಂದು ವಿಷಯ, ತೆರಿಗೆ ಇರೋ ಸರಕನ್ನ ಹೊಸೂರಿಗೋ ಚೆನ್ನೈಗೋ ಕೊರಿಯರ್ ಮಾಡಿ ಮಾರೋದಾದ್ರೆ ಸಾಮಾನ್ಯವಾಗಿ ಈ 40 ಲಕ್ಷದ ವಿನಾಯಿತಿ ಸಿಗಲ್ಲ. ಹಾಗೇನಾದ್ರೂ ಇದ್ರೆ ಒಬ್ಬ ಅಕೌಂಟೆಂಟ್‌ನ ಕೇಳಿ.

ನಮ್ಮ ನಿಪ್ಪಟ್ಟು ಆ ಮಿತಿಯ ಹತ್ತಿರಕ್ಕೂ ಹೋಗಿರಲಿಲ್ಲ. ಆದ್ರೂ ನಾನು ಹೆದರಿದೆ. ಯಾಕಂದ್ರೆ ನಿಪ್ಪಟ್ಟಿನ ದುಡ್ಡು, ಅಮ್ಮನ ಚೀಟಿ ದುಡ್ಡು, ಫ್ರೆಂಡ್ಸ್ ಜೊತೆ ಟ್ರಿಪ್ ಹೋದಾಗ ಎಲ್ರೂ ಹಾಕಿದ ಷೇರು, ಎಲ್ಲಾ ನನ್ನ ಒಂದೇ ನಂಬರ್‌ಗೆ ಬರ್ತಿತ್ತು. ಯಾರಾದ್ರೂ ಕೇಳಿದ್ರೆ ಇದು ವ್ಯಾಪಾರದ್ದು, ಇದು ಅಲ್ಲ ಅಂತ ಬೇರೆ ಮಾಡಿ ತೋರಿಸೋಕೆ ನನಗೇ ಆಗ್ತಿರಲಿಲ್ಲ. ಅಷ್ಟೇ ಅಲ್ಲ, ಒಂದು ವರ್ಷ ನಷ್ಟ ಆಗಿದ್ದು ಗೊತ್ತಾಗದೇ ಇದ್ದಿದ್ದೂ ಇದರಿಂದಲೇ. ಅಕೌಂಟಲ್ಲಿ ಯಾವಾಗ್ಲೂ ಏನೋ ಒಂದಿಷ್ಟು ದುಡ್ಡು ಇರ್ತಿತ್ತು, ನಡೀತಿದೆ ಅಂದ್ಕೊಳ್ತಿದ್ದೆ. ವ್ಯಾಪಾರಕ್ಕೆ ಅಂತ ಬೇರೆ ಅಕೌಂಟು, ಬೇರೆ ಕ್ಯೂಆರ್ ಮೊದಲ ದಿನದಿಂದಲೇ ಇರಲಿ.

2024ರಲ್ಲಿ ಮತ್ತೆ ಶುರು ಮಾಡಿದ್ವಿ. ಅಮ್ಮನೇ ಒಂದು ಷರತ್ತು ಹಾಕಿದ್ರು: "ನನ್ನ ಕೂಲಿ ಮೊದಲು ತೆಗೆದಿಟ್ಟು ಆಮೇಲೆ ಲಾಭದ ಮಾತಾಡು." ಈಗ ಅಂಗಡಿಗೆ ಹಾಕಲ್ಲ. ವಾಟ್ಸಾಪ್‌ನಲ್ಲಿ ಅರವತ್ತು ಮನೆ ಇದೆ, ಗುರುವಾರ ಆರ್ಡರ್, ದುಡ್ಡು ಮುಂಚೆನೇ, ಶನಿವಾರ ಡೆಲಿವರಿ. 200 ಗ್ರಾಂಗೆ 65 ರೂಪಾಯಿ. "40ಕ್ಕೆ ಸಿಗುತ್ತಲ್ಲಪ್ಪ" ಅಂತ ಹೇಳಿ ಬಿಟ್ಟು ಹೋದವರು ಇದ್ದಾರೆ. ಬೇಜಾರಾಯ್ತು, ಆದ್ರೆ ಆ 40ಕ್ಕೆ ನಾವು ಕೊಟ್ಟಾಗ ಏನಾಯ್ತು ಅಂತ ಈಗಷ್ಟೇ ಕೇಳಿದ್ರಲ್ಲ. ವಾರಕ್ಕೆ ಸುಮಾರು 100 ಪ್ಯಾಕೆಟ್ ಹೋಗುತ್ತೆ. ಮೊದಲಿಗಿಂತ ಕಮ್ಮಿನೇ.

ಒಂದು ಬಳೆ ಬಿಡಿಸ್ಕೊಂಡು ಬಂದಿದ್ದೀವಿ. ಇನ್ನೊಂದಕ್ಕೆ ಇನ್ನೂ ಬಡ್ಡಿ ಕಟ್ತಿದ್ದೀನಿ.

ನೀವು ಏನಾದ್ರೂ ಮಾಡಿ ಮಾರ್ತಿದ್ರೆ, ಒಂದು ಪೀಸ್‌ಗೆ ಎಷ್ಟು ಬೀಳುತ್ತೆ ಅಂತ ಲೆಕ್ಕ ಹಾಕಿ ನಮಗೆ ವಾಯ್ಸ್ ನೋಟ್ ಕಳಿಸಿ, ಗ್ಯಾಸು, ಕವರ್ರು, ಮನೆಯವರ ಕೂಲಿ ಎಲ್ಲಾ ಸೇರಿಸಿ. ಮುಂದಿನ ವಾರ ಅದರಲ್ಲಿ ಕೆಲವನ್ನ ಇಟ್ಕೊಂಡೇ ಮಾತಾಡೋಣ.