ಕಾರ್ನರ್ ಕೊಟ್ಟದ್ದು, ಕಾರ್ನರ್ ಕಸಿದದ್ದು

ದಾವಣಗೆರೆಯಲ್ಲಿ ಕೆಲಸ, ಹರಿಹರದಲ್ಲಿ ಮನೆ. ನಡುವಿನ 14 ಕಿಲೋಮೀಟರ್‌ ಬಸ್ಸಿನಲ್ಲಿ ಮೊಬೈಲ್ ಹಿಡಿದು ಬೆಂಗಳೂರು ಎಫ್‌ಸಿ ಆಟ ನೋಡುವುದು ನನ್ನ ಹಳೇ ಚಟ. ಒಮ್ಮೆ ಪಕ್ಕದ ಸೀಟಿನ ಹಿರಿಯರು ಇಣುಕಿ, ‘ಸ್ಕೋರ್ ಎಷ್ಟಾತು ತಮ್ಮಾ?’ ಅಂದರು. ‘ಒಂದು ಒಂದು’ ಅಂದೆ. ‘ಎಷ್ಟು ಓವರ್ ಉಳದಾವು?’ ಅಂದರು. ಅವರ ಮೇಲೆ ಸಿಟ್ಟಿಲ್ಲ. ಸಿಟ್ಟಿರುವುದು ಫುಟ್‌ಬಾಲ್ ಗೊತ್ತಿದ್ದೂ ಈ ತಂಡದ ಬಗ್ಗೆ ಬಾಯಿಗೆ ಬಂದದ್ದು ಹೇಳುವ ನನ್ನ ಗೆಳೆಯರ ಮೇಲೆ. ಸಂಜೆ ಮಂಡಕ್ಕಿ ಮಿರ್ಚಿ ಮುಂದಿಟ್ಟುಕೊಂಡು ಅವರು ಹೇಳುವ ಮಾತುಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಅಲ್ಲಿ ನನ್ನ ದನಿ ಯಾರಿಗೂ ಕೇಳುವುದಿಲ್ಲ.

‘ಛೆಟ್ರಿ ಒಬ್ಬನ ತಂಡ ಅದು’

ಅರ್ಧ ನಿಜ, ಅದಕ್ಕೇ ತಳ್ಳಿಹಾಕುವುದು ಕಷ್ಟ. 2013ರಲ್ಲಿ ಕ್ಲಬ್ ಹುಟ್ಟಿದಾಗಿನಿಂದ ಸುನಿಲ್ ಛೆಟ್ರಿ ಅದರ ಮುಖ. ಆದರೆ ಕಪ್ ತಂದುಕೊಟ್ಟ ಗೋಲುಗಳ ಲೆಕ್ಕ ತೆಗೆಯಿರಿ. 2017ರ ಫೆಡರೇಷನ್ ಕಪ್ ಫೈನಲ್‌ನಲ್ಲಿ ಮೋಹನ್ ಬಗಾನ್ ವಿರುದ್ಧ ಎರಡೂ ಗೋಲು ಸಿ.ಕೆ. ವಿನೀತ್ ಅವರದು. 2019ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್‌ನ ಏಕೈಕ ಗೋಲು ಹೊಡೆದವರು ರಾಹುಲ್ ಭೆಕೆ, ಒಬ್ಬ ಡಿಫೆಂಡರ್. 2022ರ ಡ್ಯುರಾಂಡ್ ಕಪ್ ಫೈನಲ್‌ನಲ್ಲಿ ಮುಂಬೈ ಸಿಟಿಯನ್ನು 2–1ರಿಂದ ಸೋಲಿಸಿದಾಗ ಗೋಲು ಬಂದದ್ದು ಶಿವಶಕ್ತಿ ಮತ್ತು ಅಲನ್ ಕೋಸ್ಟಾ ಅವರಿಂದ.

ಹಾಗಾದರೆ ಗೆಳೆಯರ ಮಾತಿನಲ್ಲಿ ನಿಜವಾದ ಅರ್ಧ ಯಾವುದು? 2024–25ರ ಐಎಸ್‌ಎಲ್‌ನಲ್ಲಿ 14 ಗೋಲು ಹೊಡೆದು ಭಾರತೀಯರ ಪೈಕಿ ಮೊದಲಿಗರಾದದ್ದು ಇದೇ ಛೆಟ್ರಿ, 40ರ ವಯಸ್ಸಿನಲ್ಲಿ. ಗೋವಾ ವಿರುದ್ಧದ ಸೆಮಿಫೈನಲ್‌ನ ಎರಡನೇ ಪಂದ್ಯದಲ್ಲಿ ಹೆಚ್ಚುವರಿ ನಿಮಿಷಗಳಲ್ಲಿ ತಲೆಕೊಟ್ಟು ತಂಡವನ್ನು ಫೈನಲ್‌ಗೆ ಮುಟ್ಟಿಸಿದವರೂ ಅವರೇ. ನಾನು ಚಪ್ಪಾಳೆ ಹೊಡೆದೆ, ಆಮೇಲೆ ಸುಮ್ಮನೆ ಕೂತೆ. ಹನ್ನೆರಡು ವರ್ಷದಲ್ಲಿ ಅವರ ಜಾಗಕ್ಕೆ ಇನ್ನೊಬ್ಬ ಭಾರತೀಯ ಸ್ಟ್ರೈಕರನ್ನು ನಿಲ್ಲಿಸಲಾಗಲಿಲ್ಲವಲ್ಲ! ಅಪ್ಪ ಇನ್ನೂ ಗಟ್ಟಿಯಾಗಿದ್ದಾರೆಂದು ಮಕ್ಕಳು ಗದ್ದೆ ಕಡೆ ತಲೆಹಾಕದ ಮನೆಯ ಕಥೆ ಇದು.

‘ಫೈನಲ್ ಸೋಲೆಲ್ಲ ಹಣೆಬರಹ’

ನನ್ನನ್ನು ಅತಿ ಹೆಚ್ಚು ರೇಗಿಸುವ ಮಾತು ಇದು. ಹಣೆಬರಹವಾದರೆ ಪ್ರತಿಸಲ ಒಂದೇ ಬಾಗಿಲಿನಿಂದ ಯಾಕೆ ಬರಬೇಕು?

2015ರ ಮೇ 31, ಐ-ಲೀಗ್‌ನ ಕೊನೆಯ ದಿನ, ಕಂಠೀರವ ಕ್ರೀಡಾಂಗಣ. ಗೆದ್ದರೆ ಪಟ್ಟ ನಮ್ಮದು, ಡ್ರಾ ಆದರೆ ಬಗಾನ್‌ದು. ಜಾನ್ ಜಾನ್ಸನ್ ಗೋಲಿನಿಂದ ನಾವು ಮುಂದಿದ್ದೆವು. 87ನೇ ನಿಮಿಷದಲ್ಲಿ ಕಾರ್ನರ್‌ನಿಂದ ಬಂದ ಚೆಂಡಿಗೆ ಬಗಾನ್‌ನ ಬೆಲ್ಲೊ ರಜಾಕ್ ತಲೆಕೊಟ್ಟರು. 1–1. ಪಟ್ಟ ಕೋಲ್ಕತ್ತಕ್ಕೆ ಹೋಯಿತು.

2018ರ ಮಾರ್ಚ್ 17, ಅದೇ ಕಂಠೀರವ. ಐಎಸ್‌ಎಲ್‌ಗೆ ಕಾಲಿಟ್ಟ ಮೊದಲ ವರ್ಷವೇ ಲೀಗ್ ಹಂತದಲ್ಲಿ 40 ಅಂಕ. ಎರಡನೇ ಸ್ಥಾನದ ಚೆನ್ನೈಯಿನ್‌ಗಿಂತ 8 ಹೆಚ್ಚು. ಫೈನಲ್‌ನ 9ನೇ ನಿಮಿಷದಲ್ಲೇ ಛೆಟ್ರಿ ಗೋಲು. ಆಮೇಲೆ ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್‌ಗೆ ಎರಡು ಹೆಡರ್ ಹೊಡೆದರು. ಮೊದಲನೆಯದನ್ನು ತಪ್ಪು ಅನ್ನೋಣ. ಅರ್ಧ ಗಂಟೆಯೊಳಗೆ ಅದೇ ಆಳು ಅದೇ ರೀತಿ ಎದ್ದು ಹೊಡೆದರೆ ಅದು ಡಿಫೆನ್ಸಿನ ಪಾಠ ಒಪ್ಪಿಸದ ಮಕ್ಕಳ ಸ್ಥಿತಿ. 2–3ರಲ್ಲಿ ಸೋತೆವು.

ಈಗ ತಮಾಷೆ ನೋಡಿ. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಗೋವಾ ವಿರುದ್ಧ ಫೈನಲ್. 90 ನಿಮಿಷ ಗೋಲಿಲ್ಲ, ಎಕ್ಸ್‌ಟ್ರಾ ಟೈಮ್ ಮುಗಿಯುತ್ತ ಬಂತು. 117ನೇ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ಕಾರ್ನರ್ ಒದ್ದರು, ಭೆಕೆ ತಲೆಕೊಟ್ಟರು, ಕಪ್ ಬೆಂಗಳೂರಿಗೆ ಬಂತು. ಹಿಂದಿನ ವರ್ಷ ಕಸಿದ ಕಾರ್ನರೇ ಈ ವರ್ಷ ಕೊಟ್ಟಿತು.

ಈ ತಂಡದ ಬಲವೂ ಬಲಹೀನತೆಯೂ ಒಂದೇ ಕಡೆ ಇವೆ, ನಿಂತ ಚೆಂಡಿನಲ್ಲಿ. 2023ರ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಗಾನ್ ಜೊತೆ 2–2 ಆಯಿತು. ಆ ನಾಲ್ಕರಲ್ಲಿ ಮೂರು ಪೆನಾಲ್ಟಿ, ಇನ್ನೊಂದು ಕಾರ್ನರ್‌ನಿಂದ ಬಂದ ನಮ್ಮ ರಾಯ್ ಕೃಷ್ಣ ಹೆಡರ್. 85ನೇ ನಿಮಿಷದಲ್ಲಿ ನಮ್ಮ ಮೇಲೆ ಕೊಟ್ಟ ಪೆನಾಲ್ಟಿ ಸರಿಯೋ ತಪ್ಪೋ ಎಂದು ನಮ್ಮ ಗುಂಪಿನಲ್ಲಿ ಇವತ್ತಿಗೂ ಜಗಳ ಮುಗಿದಿಲ್ಲ. ಶೂಟೌಟ್‌ನಲ್ಲಿ 3–4ರಿಂದ ಕೈಬಿಟ್ಟೆವು. 2025ರ ಏಪ್ರಿಲ್ 12ರಂದು ಸಾಲ್ಟ್ ಲೇಕ್‌ನಲ್ಲಿ ಮತ್ತೆ ಬಗಾನ್, ಮತ್ತೆ ನಾವು ಮುಂದೆ, ಮತ್ತೆ ಪೆನಾಲ್ಟಿ, ಈ ಸಲ ಚೆಂಡು ಕೈಗೆ ತಗಲಿ. 1–1 ಆಗಿ, ಎಕ್ಸ್‌ಟ್ರಾ ಟೈಮ್‌ನಲ್ಲಿ ಬಗಾನ್‌ನ ಮೆಕ್‌ಲಾರೆನ್ ಹೊಡೆದ ಗೋಲಿನಿಂದ 1–2. ಪ್ರತಿಸಲ ಮುನ್ನಡೆ ಸಿಕ್ಕ ಮೇಲೆ ಹಿಂದೆ ಸರಿದು, ನಮ್ಮ ಪೆನಾಲ್ಟಿ ಬಾಕ್ಸಿಗೇ ಎದುರಾಳಿಯನ್ನು ಕರೆಸಿಕೊಳ್ಳುತ್ತೇವೆ. ಅಲ್ಲಿ ಜಂಗುಳಿಯಾದರೆ ಕಾರ್ನರೂ ಬೀಳುತ್ತದೆ, ಕೈಗೆ ಚೆಂಡೂ ತಗಲುತ್ತದೆ. ಇದಕ್ಕೆ ಶನಿ ಕಾಟ ಅನ್ನುವುದು ಬೇಡ.

‘ಕಂಠೀರವದಲ್ಲಿ ನಮ್ಮನ್ನು ಯಾರೂ ಮುಟ್ಟೋಕಾಗಲ್ಲ’

ಮೇಲೆ ಹೇಳಿದ 2015, 2018ರ ಎರಡು ದಿನಾಂಕ ಸಾಕು. ವೆಸ್ಟ್ ಬ್ಲಾಕ್‌ನ ಅಭಿಮಾನಿ ಹುಡುಗರು ಹಾಡಿ ಕುಣಿದು ಗಂಟಲು ಹರಿದುಕೊಳ್ಳುವುದು ನಿಜ. ಗಂಟಲು ಮಾತ್ರ ಕಾರ್ನರ್‌ಗೆ ಎದ್ದು ಚೆಂಡು ಹೊರಗೆ ಹಾಕುವುದಿಲ್ಲ.

‘ಒಂದು ವರ್ಷ ಬಿದ್ದರೆ ಮುಗೀತು’

2023–24ರಲ್ಲಿ 12 ತಂಡಗಳ ಪೈಕಿ 10ನೇ ಸ್ಥಾನ. ಮುಂದಿನ ವರ್ಷ ಫೈನಲ್. 2022–23ರಲ್ಲೂ ಹಾಗೆಯೇ: ಹಂಗಾಮಿನ ನಡುವೆ ಕೆಳಗೆ ಕುಸಿದಿದ್ದ ತಂಡ ಸಾಲಾಗಿ 8 ಪಂದ್ಯ ಗೆದ್ದು ಎದ್ದು ಬಂತು. ಬಿದ್ದ ಮೇಲೆ ಏಳುವುದು ಇವರಿಗೆ ಚೆನ್ನಾಗಿ ಗೊತ್ತು. ಎದ್ದ ಮೇಲೆ ನಿಲ್ಲುವುದೇ ತಿಳಿಯದು.

‘ಬೆಂಗಳೂರಿನ ಕ್ಲಬ್, ದಾವಣಗೆರೆಗೇನು ಸಂಬಂಧ?’

ಕ್ಲಬ್‌ ಒಡೆಯರು ಜೆಎಸ್‌ಡಬ್ಲ್ಯು, ಅವರ ದೊಡ್ಡ ಉಕ್ಕಿನ ಕಾರ್ಖಾನೆ ತೋರಣಗಲ್ಲಿನಲ್ಲಿದೆ. ಹುಡುಗರನ್ನು ತಯಾರು ಮಾಡುವ ವಸತಿ ಅಕಾಡೆಮಿಯೂ ಬಳ್ಳಾರಿ ಕಡೆಯದೇ. ಅಂದರೆ ತಂಡದ ಒಂದು ಬೇರು ನಮ್ಮ ನೆರೆಯಲ್ಲೇ ಇದೆ. ‘ತಂಡದಲ್ಲಿ ಕನ್ನಡಿಗರೆಲ್ಲಿ?’ ಎಂಬ ಮರುಪ್ರಶ್ನೆಗೆ ಮಾತ್ರ ನಾನು ತಲೆತಗ್ಗಿಸುತ್ತೇನೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ರಾಮನ್ ಬೆಂಗಳೂರಿನವರು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ತಂದಿತು. ಆಡುವ ಕಾಲುಗಳು ಇಲ್ಲಿವೆ. ಛೆಟ್ರಿ ಜಾಗಕ್ಕೆ ಹುಡುಕುವ ಕಣ್ಣು ಇತ್ತ ತಿರುಗಿದ್ದು ಕಡಿಮೆ.

ನಮ್ಮೂರಿನ ಪಾಲಿಗೆ ಆಟವೆಂದರೆ ಇನ್ನೂ ‘ದಾವಣಗೆರೆ ಎಕ್ಸ್‌ಪ್ರೆಸ್’ ವಿನಯ್ ಕುಮಾರ್. ಅವರ ನಾಯಕತ್ವದಲ್ಲಿ ಕರ್ನಾಟಕ ರಣಜಿ ಗೆದ್ದ 2013–14ರ ಹಂಗಾಮಿನಲ್ಲೇ ಬೆಂಗಳೂರು ಎಫ್‌ಸಿ ಆಡಿದ ಮೊದಲ ವರ್ಷವೇ ಐ-ಲೀಗ್ ಗೆದ್ದಿತ್ತು. ಆ ರಣಜಿ ಗೆಲುವು ನಮ್ಮ ಮಂಡಕ್ಕಿ ಅಂಗಡಿಯಲ್ಲಿ ಎಲ್ಲರಿಗೂ ನೆನಪಿದೆ. ಐ-ಲೀಗ್ ಮಾತೆತ್ತಿದರೆ, ‘ಹೌದೇನಲೇ, ಗೆದ್ದಿದ್ರಾ?’ ಅನ್ನುತ್ತಾರೆ, ಮಿರ್ಚಿ ಮುರಿಯುತ್ತ.