ಬೇಗ ಒಣಗುವ ದ್ರಾವಕಗಳು: ಬೆಂಕಿಯಿಂದ ಪಾರಾಗುವ ಆತುರದಲ್ಲಿ ವಿಷಕ್ಕೆ ಸಿಲುಕದಿರಲಿ

ಚೀನಾದ ಸುಝೌ ನಗರದ ಕಾರ್ಖಾನೆಯೊಂದರಲ್ಲಿ ಮೊಬೈಲ್ ಫೋನುಗಳ ಸ್ಪರ್ಶಪರದೆಗಳನ್ನು ಒರೆಸಲು ಆಲ್ಕೋಹಾಲ್ ಬಳಸಲಾಗುತ್ತಿತ್ತು. ಅದಕ್ಕಿಂತ ಬೇಗ ಆರುತ್ತದೆಂಬ ಕಾರಣಕ್ಕೆ ಅದರ ಬದಲು ಹೆಕ್ಸೇನ್ ತರಲಾಯಿತು. 2009ರ ವೇಳೆಗೆ ಕಾರ್ಮಿಕರ ಕೈಕಾಲುಗಳು ಜೋಮು ಹಿಡಿದು ಶಕ್ತಿಗುಂದಿದ್ದವು. ಆ ಪರದೆಗಳನ್ನು ಬಳಸುತ್ತಿದ್ದ ಆಪಲ್ ಸಂಸ್ಥೆಯು 2011ರ ತನ್ನ ವರದಿಯಲ್ಲಿ 137 ಕಾರ್ಮಿಕರು ಬಾಧಿತರಾದುದನ್ನು ಒಪ್ಪಿಕೊಂಡಿತು. ಕೆಲವು ಕ್ಷಣಗಳ ಉಳಿತಾಯಕ್ಕೆ ತೆತ್ತ ಬೆಲೆಯಿದು.

ಯಂತ್ರಭಾಗಗಳ ಎಣ್ಣೆ, ಗ್ರೀಸ್ ತೆಗೆಯಲು ಥಿನ್ನರ್, ಪೆಟ್ರೋಲ್ ಇಲ್ಲವೇ ಅಸಿಟೋನನ್ನು ತೆರೆದ ತಟ್ಟೆಯಲ್ಲಿ ಸುರಿದುಕೊಳ್ಳುವ ಪ್ರತಿಯೊಂದು ಸಣ್ಣ ಘಟಕಕ್ಕೂ ಈ ಪ್ರಕರಣ ಪಾಠವಾಗಿದೆ.

ಅಪಾಯದ ಅಳತೆ

ದ್ರವದಿಂದ ಏಳುವ ಆವಿಗೆ ಕಿಡಿ ತಗುಲಿದೊಡನೆ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆಯೇ ಫ್ಲ್ಯಾಶ್ ಪಾಯಿಂಟ್. ಹೆಕ್ಸೇನ್‌ಗೆ ಇದು ಸುಮಾರು –22 ಡಿಗ್ರಿ ಸೆಲ್ಸಿಯಸ್, ಅಸಿಟೋನ್‌ಗೆ –20, ಟೊಲ್ಯುಈನ್‌ಗೆ 4, ಐಸೋಪ್ರೊಪೈಲ್ ಆಲ್ಕೋಹಾಲ್‌ಗೆ 12 ಡಿಗ್ರಿ. ಅರ್ಥಾತ್, ನಮ್ಮ ಹವೆಯಲ್ಲಿ ಇವೆಲ್ಲವೂ ಸದಾ ಹೊತ್ತಿಕೊಳ್ಳಲು ಸಿದ್ಧ. ಇವುಗಳ ಆವಿ ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಿದು, ದೂರದ ಗ್ರೈಂಡರ್‌ನ ಕಿಡಿಯನ್ನೂ ತಲುಪಬಲ್ಲದು.

ಹಾಗೆಂದು ಹೊತ್ತಿಕೊಳ್ಳದ ದ್ರಾವಕವೆಲ್ಲ ಸುರಕ್ಷಿತವಲ್ಲ. ಕಾರ್ಬನ್ ಟೆಟ್ರಾಕ್ಲೋರೈಡನ್ನು ಒಂದು ಕಾಲದಲ್ಲಿ ಅಗ್ನಿಶಾಮಕಗಳಲ್ಲಿಯೇ ತುಂಬಲಾಗುತ್ತಿತ್ತು. ಅದು ಯಕೃತ್ತಿಗೂ ಓಝೋನ್ ಪದರಕ್ಕೂ ಹಾನಿಕರ. ಮಾಂಟ್ರಿಯಲ್ ಒಪ್ಪಂದದನ್ವಯ ಭಾರತವು 2010ರ ಆರಂಭದ ವೇಳೆಗೆ ಶುಚಿಗೊಳಿಸುವ ದ್ರಾವಕವಾಗಿ ಅದರ ಬಳಕೆಯನ್ನು ಕೈಬಿಟ್ಟಿತು. ಅದರ ಸ್ಥಾನ ಹಿಡಿದ ದ್ರಾವಕಗಳಲ್ಲಿ ಒಂದಾದ ಟ್ರೈಕ್ಲೋರೋಎಥಿಲೀನ್ ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ನಿರ್ಣಯಿಸಿತು. ಪ್ರೊಪೈಲ್ ಬ್ರೋಮೈಡ್ ನರಗಳಿಗೆ ಮಾರಕ.

ಮೂರು ಮಾರ್ಗಗಳು

ಮೊದಲನೆಯದು ನೀರು. ಕ್ಷಾರಯುಕ್ತ ಮಾರ್ಜಕ ಬೆರೆಸಿದ ಬಿಸಿನೀರಿನಲ್ಲಿ ತೊಳೆದು, ಬಿಸಿಗಾಳಿಯಿಂದ ಒಣಗಿಸುವುದು. ಇಲ್ಲಿ ಬೇಗ ಒಣಗಿಸುವ ಹೊಣೆ ದ್ರವದಿಂದ ಯಂತ್ರಕ್ಕೆ ವರ್ಗವಾಗುತ್ತದೆ. ಉಕ್ಕಿನ ಭಾಗಗಳಿಗೆ ತುಕ್ಕುನಿರೋಧಕ ಬೆರೆಸಬೇಕು. ಎಣ್ಣೆಮಿಶ್ರಿತ ನೀರನ್ನು ಸಂಸ್ಕರಿಸದೆ ಚರಂಡಿಗೆ ಬಿಡುವಂತಿಲ್ಲ.

ಎರಡನೆಯದು, 60 ಡಿಗ್ರಿಗೂ ಮೇಲ್ಪಟ್ಟ ಫ್ಲ್ಯಾಶ್ ಪಾಯಿಂಟ್ ಹೊಂದಿದ ಹೈಡ್ರೋಕಾರ್ಬನ್ ದ್ರಾವಕಗಳು. ಇವು ನಿಧಾನವಾಗಿ ಆರುತ್ತವೆ. ಬಿಸಿ ಮಾಡಿದರೆ ಅಥವಾ ಸಿಂಪಡಿಸಿದರೆ ಇವೂ ಹೊತ್ತಿಕೊಳ್ಳಬಲ್ಲವು.

ಮೂರನೆಯದು ಹೈಡ್ರೋಫ್ಲೋರೋಈಥರ್‌ಗಳು. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಒಂದು 61 ಡಿಗ್ರಿಯಲ್ಲಿ ಕುದಿಯುತ್ತದೆ. ಬೇಗ ಆರುತ್ತದೆ, ಹೊತ್ತಿಕೊಳ್ಳುವುದಿಲ್ಲ. ಆದರೆ ಬೆಲೆ ದುಬಾರಿ, ದಪ್ಪ ಗ್ರೀಸನ್ನು ಕರಗಿಸುವ ಶಕ್ತಿ ಕಡಿಮೆ. ಇವುಗಳ ಪ್ರಮುಖ ತಯಾರಕರಾದ 3ಎಂ ಸಂಸ್ಥೆಯು ಪರಿಸರದಲ್ಲಿ ಕರಗದೆ ಉಳಿಯುವ ಇಂತಹ ಫ್ಲೋರಿನ್ ರಾಸಾಯನಿಕಗಳ ತಯಾರಿಕೆಯನ್ನು 2025ರ ಅಂತ್ಯಕ್ಕೆ ನಿಲ್ಲಿಸುವುದಾಗಿ 2022ರಲ್ಲಿ ಘೋಷಿಸಿತು. ಆದ್ದರಿಂದ ಇವನ್ನು ನೆಚ್ಚುವ ಮುನ್ನ ಪೂರೈಕೆಯ ಭರವಸೆ ಪಡೆಯುವುದು ಒಳಿತು.

ಖರೀದಿಗೆ ಮುನ್ನ

ಮಾರಾಟಗಾರರಿಂದ ಸುರಕ್ಷತಾ ಮಾಹಿತಿ ಪತ್ರವನ್ನು ಕೇಳಿ ಪಡೆಯಬೇಕು. ಫ್ಲ್ಯಾಶ್ ಪಾಯಿಂಟ್, ಕುದಿಯುವ ಬಿಂದು, ಗಾಳಿಯಲ್ಲಿ ಇರಬಹುದಾದ ಗರಿಷ್ಠ ಪ್ರಮಾಣ ಈ ಮೂರನ್ನೂ ಹೋಲಿಸಿ, ಬಳಿಕ ಸ್ವಂತ ಘಟಕದ ಭಾಗಗಳ ಮೇಲೆಯೇ ಪ್ರಯೋಗಿಸಿ ನೋಡಬೇಕು. ತೆರೆದ ತಟ್ಟೆಗೆ ಮುಚ್ಚಳ, ತಳಮಟ್ಟದಲ್ಲಿ ಆವಿ ಹೀರುವ ಫ್ಯಾನು, ಎಣ್ಣೆ ಬಟ್ಟೆಗೆ ಮುಚ್ಚಿದ ಲೋಹದ ಡಬ್ಬಿ ಇವು ಇಂದೇ ಆಗಬಹುದಾದ ಕೆಲಸಗಳು.

ಬೇಗ ಆರುವುದೆಂದರೆ ದ್ರಾವಕವು ಗಾಳಿಗೆ ಸೇರುವುದೆಂದೇ ಅರ್ಥ. ಅದೇ ಗಾಳಿಯನ್ನು ಕಾರ್ಮಿಕನು ಉಸಿರಾಡುತ್ತಾನೆ. ಆವಿಯಾದಷ್ಟನ್ನು ಮಾಲೀಕನು ಮತ್ತೆ ಹಣ ಕೊಟ್ಟು ಕೊಳ್ಳುತ್ತಾನೆ. ಈ ಎರಡೂ ಲೆಕ್ಕಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೇ ಯಾವುದು ಅಗ್ಗವೆಂಬುದು ತಿಳಿಯುತ್ತದೆ.