ನೀರಿಗೆ ಅದ್ದಿದರೆ ಮೆತ್ತಗಾಗುವ ಉಕ್ಕು

ಯಲಬುರ್ಗಾ, ಕುಷ್ಟಗಿ ಕಡೆ ಬಿಳಿಜೋಳದ ಸುಗ್ಗಿಗೆ ಮುಂಚೆ ಕುಡುಗೋಲು ಹಣಿಸಲು ಕುಲುಮೆಗೆ ಹೋಗುವವರು ಇನ್ನೂ ಇದ್ದಾರೆ. ಕಮ್ಮಾರ ಕುಡುಗೋಲಿನ ಬಾಯನ್ನು ಕೆಂಪಗೆ ಕಾಯಿಸಿ, ಬಡಿದು, ನೀರಿಗೆ ಅದ್ದುತ್ತಾನೆ. ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಬಾಯನ್ನು ಉಜ್ಜಿ ಬೆಳ್ಳಗೆ ಮಾಡಿ, ಹಿಂಬದಿಯ ಕಾವು ಅಂಚಿಗೆ ಹರಿದು ಬರುವುದನ್ನೇ ನೋಡುತ್ತ ಕೂರುತ್ತಾನೆ. ಒಣಹುಲ್ಲಿನ ಹಳದಿ ಮೂಡಿದರೆ ಸುಮಾರು 220 ಡಿಗ್ರಿ ಸೆಲ್ಸಿಯಸ್. ಕಂದು, ನೇರಳೆ ದಾಟಿ ನೀಲಿಗೆ ಬಂದರೆ 300ರ ಆಸುಪಾಸು. ಹಳದಿಯಲ್ಲೇ ತಡೆದರೆ ಬಾಯಿ ಗಡುಸು, ಆದರೆ ಕಲ್ಲಿಗೆ ತಗುಲಿದರೆ ಮುಕ್ಕಾಗುತ್ತದೆ. ನೀಲಿಗೆ ಬಿಟ್ಟರೆ ಮುಕ್ಕಾಗದು, ಬೇಗ ಮೊಂಡಾಗುತ್ತದೆ. ಥರ್ಮಾಮೀಟರ್ ಇಲ್ಲದೆ ಕಣ್ಣಳತೆಯಲ್ಲಿ ಹಿಡಿಯುವ ಈ ಹದ ದೊಡ್ಡ ವಿದ್ಯೆ.

ಊಟದ ಸ್ಟೀಲ್ ತಟ್ಟೆಯ ತಗಡನ್ನು 1050 ಡಿಗ್ರಿಗೆ ಕಾಯಿಸಿ ಅದೇ ನೀರಿಗೆ ಅದ್ದಿದರೆ ಅದು ಗಡುಸಾಗುವುದಿಲ್ಲ, ಮೆತ್ತಗಾಗುತ್ತದೆ.

ಕುಡುಗೋಲಿನ ಉಕ್ಕಿನಲ್ಲಿ ಇರುವುದು ಕಬ್ಬಿಣ ಮತ್ತು ತುಸು ಇಂಗಾಲ. ಕೆಂಪಗೆ ಕಾದಾಗ ಕಬ್ಬಿಣದ ಪರಮಾಣುಗಳು ಬೇರೊಂದು ರೀತಿಯಲ್ಲಿ ಜೋಡಿಸಿಕೊಂಡು ಇಂಗಾಲವನ್ನು ಒಳಗೆ ಕರಗಿಸಿಕೊಳ್ಳುತ್ತವೆ. ನೀರಿಗೆ ಬಿದ್ದೊಡನೆ ಆ ಜೋಡಣೆ ಬದಲಾಗುತ್ತದೆ, ಆದರೆ ಇಂಗಾಲಕ್ಕೆ ಹೊರಬರಲು ವ್ಯವಧಾನವೇ ಸಿಗುವುದಿಲ್ಲ. ಅದು ಒಳಗೇ ಸಿಕ್ಕಿಕೊಂಡು ಸೆಳೆತ ಉಂಟುಮಾಡುವುದರಿಂದ ಉಕ್ಕು ಗಡುಸಾಗುತ್ತದೆ. ಆದರೆ ತಟ್ಟೆಗೆ ಬಳಸುವ 304 ಎಂಬ ಜಾತಿಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಶೇ. 18ರಷ್ಟು ಕ್ರೋಮಿಯಂ, ಶೇ. 8ರಷ್ಟು ನಿಕಲ್ ಇರುತ್ತದೆ. ನಿಕಲ್‌ನ ದೆಸೆಯಿಂದ ಕಾದಾಗಿನ ಜೋಡಣೆಯೇ ತಣಿದ ಮೇಲೂ ಉಳಿಯುತ್ತದೆ. ಜೋಡಣೆ ಬದಲಾಗದಿದ್ದರೆ ಆ ಗಡಸುತನ ಬರುವುದೆಲ್ಲಿಂದ? ಪ್ರೆಸ್ಸಿನಲ್ಲಿ ಒತ್ತುವಾಗ ಬಂದಿದ್ದ ಬಿಗಿಯೂ ಕಾವಿಗೆ ಸಡಿಲಗೊಳ್ಳುತ್ತದೆ.

ಹಾಗಿದ್ದರೆ ನೀರಿಗೇಕೆ ಅದ್ದಬೇಕು? 850ರಿಂದ 450 ಡಿಗ್ರಿವರೆಗಿನ ಅಪಾಯದ ಹಾದಿಯನ್ನು ಬೇಗ ದಾಟಿಸಲು. ಅಲ್ಲಿ ಹೆಚ್ಚು ಹೊತ್ತು ನಿಂತರೆ ಇಂಗಾಲವು ಕ್ರೋಮಿಯಂ ಜೊತೆ ಕೂಡಿ ಲೋಹದ ಕಣಗಳ ಅಂಚಿನಲ್ಲಿ ಕಾರ್ಬೈಡ್ ಆಗಿ ಕೂರುತ್ತದೆ. ಅದರ ಅಕ್ಕಪಕ್ಕ ಕ್ರೋಮಿಯಂ ಬರಿದಾಗುತ್ತದೆ. ತುಕ್ಕನ್ನು ತಡೆಯುವುದು ಕ್ರೋಮಿಯಂ ಆಕ್ಸೈಡಿನ ಕೆಲವೇ ನ್ಯಾನೋಮೀಟರ್ ದಪ್ಪದ ಪೊರೆ. ಕ್ರೋಮಿಯಂ ಸುಮಾರು ಶೇ. 11–12ಕ್ಕಿಂತ ಇಳಿದರೆ ಆ ಪೊರೆ ನೆಟ್ಟಗೆ ಕಟ್ಟುವುದಿಲ್ಲ.

ಕೊಪ್ಪಳ ಜಿಲ್ಲೆಯಲ್ಲಿ ಇದು ಪುಸ್ತಕದ ಮಾತಲ್ಲ. ಅಂತರ್ಜಲದ ಫ್ಲೋರೈಡ್ ಕಾಟದಿಂದಾಗಿ ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕಗಳಿವೆ. ಸ್ಟೀಲ್ ಟ್ಯಾಂಕ್ ಇರುವ ಕಡೆ ವೆಲ್ಡಿಂಗ್ ಗೆರೆಯನ್ನು ಗಮನಿಸಿ. ಗೆರೆಯ ಮೇಲಲ್ಲ, ಕೆಲವು ಮಿಲಿಮೀಟರ್ ಆಚೆ, ಅದಕ್ಕೆ ಸಮಾನಾಂತರವಾಗಿ ತುಕ್ಕಿನ ಪಟ್ಟೆ ಎದ್ದಿದ್ದರೆ ಕಾರ್ಬೈಡಿನ ಮೇಲೆ ಗುಮಾನಿ ಪಡಬೇಕು. ಆ ಜಾಗ ಕರಗುವಷ್ಟು ಕಾದಿರುವುದಿಲ್ಲ, ಅಪಾಯದ ಕಾವಿನಲ್ಲೇ ನಿಂತಿರುತ್ತದೆ. ತೆಳು ತಗಡು ಬೇಗ ತಣಿಯುವುದರಿಂದ ಅಲ್ಲಿ ಈ ಭಯ ಕಡಿಮೆ. ದಪ್ಪ ಪ್ಲೇಟಿಗೆ, ಒಂದೇ ಜಾಗಕ್ಕೆ ಮತ್ತೆ ಮತ್ತೆ ವೆಲ್ಡಿಂಗ್ ಮಾಡಿದಾಗ ಹೆಚ್ಚು. ತೆಳು ತಗಡಿನಲ್ಲಿ ಕೆಡುಕು ಮಾಡುವುದು ವೆಲ್ಡಿಂಗ್ ನಂತರ ಉಳಿಯುವ ನೀಲಿ ಕಲೆ ಮತ್ತು ಗ್ರೈಂಡರಿನಿಂದ ಸಿಡಿದ ಕಬ್ಬಿಣದ ಪುಡಿ. ಅವೆರಡನ್ನೂ ತೆಗೆಯಲು ಪಿಕ್ಲಿಂಗ್ ಪೇಸ್ಟ್ ಇದೆ.

ಇಡೀ ಟ್ಯಾಂಕನ್ನು ಕಾಯಿಸಿ ನೀರಿಗೆ ಅದ್ದಲು ಯಾರಿಂದಾದೀತು? ಅದಕ್ಕೇ 304 ಎಲ್ ಇದೆ. ಸಾಮಾನ್ಯ 304ರಲ್ಲಿ ಇಂಗಾಲ ಶೇ. 0.08ರವರೆಗೆ ಇರಬಹುದು, ಇದರಲ್ಲಿ ಹೆಚ್ಚೆಂದರೆ 0.03. ದಪ್ಪ ಪ್ಲೇಟಿನ ಕೆಲಸವಿದ್ದರೆ ಪಂಚಾಯಿತಿಯ ಟೆಂಡರಿನಲ್ಲಾಗಲಿ, ಗಂಗಾವತಿಯ ರೈಸ್ ಮಿಲ್ಲಿನ ಆರ್ಡರಿನಲ್ಲಾಗಲಿ ಈ ಒಂದಕ್ಷರ ಬರೆಸಲೇಬೇಕೆಂದು ನನ್ನ ಒತ್ತಾಯ.

ಚಾಕುವಿನ ಸ್ಟೀಲಿನ ಕುಲವೇ ಬೇರೆ. 420 ಎಂಬುದರಲ್ಲಿ ಕ್ರೋಮಿಯಂ ಶೇ. 13ರಷ್ಟು, ಇಂಗಾಲವೂ ಉಂಟು, ನಿಕಲ್ ಇಲ್ಲವೆಂದೇ ಹೇಳಬೇಕು. 1913ರಲ್ಲಿ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಎರಕ ಹೊಯ್ದದ್ದು ಈ ಕುಲದ್ದನ್ನೇ. ಇದನ್ನು 1000 ಡಿಗ್ರಿಯ ಆಸುಪಾಸಿಗೆ ಕಾಯಿಸಿ ಎಣ್ಣೆಗೆ ಅದ್ದಿದರೆ ಕುಡುಗೋಲಿನಂತೆ ಗಡುಸಾಗುತ್ತದೆ; ತೆಳುವಾಗಿದ್ದರೆ ಬರಿ ಗಾಳಿಯೂ ಸಾಕು. ಆಮೇಲೆ 150ರಿಂದ 350 ಡಿಗ್ರಿಯೊಳಗೆ ಮತ್ತೆ ಕಾಯಿಸಿ ಬಿರುಸು ಇಳಿಸುತ್ತಾರೆ. ಇಲ್ಲಿ ಕುಲುಮೆಯ ಕಣ್ಣು ಮೋಸಹೋಗುವ ಸಂಭವವಿದೆ. ಕ್ರೋಮಿಯಂ ಇರುವ ಉಕ್ಕಿನಲ್ಲಿ ಆ ಹಳದಿ, ನೀಲಿ ಬಣ್ಣಗಳು ಹೆಚ್ಚಿನ ಕಾವಿಗೇ ಮೂಡುತ್ತವೆ. 304ರಲ್ಲಿ ನೀಲಿ ಕಾಣಲು 540 ಡಿಗ್ರಿ ಬೇಕು. ಚಾಕುವಿನ ಸ್ಟೀಲಿನಲ್ಲೂ ನೀಲಿಗಾಗಿ ಕಾದು ಕೂತರೆ 450–550ರ ಕೆಟ್ಟ ವಲಯಕ್ಕೆ ಬೀಳುವ ಅಪಾಯವಿದೆ. ಅಲ್ಲಿ ಉಕ್ಕು ಪೆಡಸೂ ಆಗುತ್ತದೆ, ತುಕ್ಕಿಗೂ ಈಡಾಗುತ್ತದೆ.

ಇನ್ನೊಂದು ಕುಲವಿದೆ, 17-4. ಇದನ್ನು 1040 ಡಿಗ್ರಿಯಿಂದ ತಣಿಸಿ, 480ರಲ್ಲಿ ಒಂದು ಗಂಟೆ ಇಟ್ಟರೆ ತಾಮ್ರದ ಅತಿಸಣ್ಣ ಕಣಗಳು ಒಳಗೆ ಹುಟ್ಟಿ ಬಲ ಕೊಡುತ್ತವೆ. ಪಂಪಿನ ಶಾಫ್ಟಿನಂಥ ಕೆಲಸಕ್ಕೆ ಇದು ಬೇಕು.

ಯಾವ ಕುಲವೆಂದು ತಿಳಿಯಲು ಅಂಗಡಿಯಲ್ಲಿ ಅಯಸ್ಕಾಂತ ಹಿಡಿಯುವುದುಂಟು. 420ಕ್ಕೆ ಅಂಟುತ್ತದೆ, 304ಕ್ಕೆ ಅಂಟದು. ಆದರೆ 304ರ ತಟ್ಟೆಯಲ್ಲೂ ಮಡಿಚಿದ ಅಂಚು ತುಸು ಸೆಳೆಯಬಹುದು, ಏಕೆಂದರೆ ಬಲವಾಗಿ ಒತ್ತಿದಾಗ ಪರಮಾಣುಗಳ ಜೋಡಣೆ ಅಲ್ಲಿ ಸ್ವಲ್ಪ ಬದಲಾಗಿರುತ್ತದೆ. 430 ಎಂಬ ಮತ್ತೊಂದು ಜಾತಿಗೂ ಚೆನ್ನಾಗಿ ಅಂಟುತ್ತದೆ, ಆದರೆ ಅದನ್ನು ಕಾಯಿಸಿ ಅದ್ದಿ ಚಾಕುವಿನಷ್ಟು ಗಡುಸು ಮಾಡಲಾಗದು. ಹಾಗಾಗಿ ಕಾಯಿಸುವ ಮೊದಲು ಮಾಲಿನ ಟೆಸ್ಟ್ ಸರ್ಟಿಫಿಕೇಟ್ ಕೇಳಿ ಪಡೆಯುವುದೇ ಲೇಸು.